ನಂದಿಬಟ್ಟಲಿನ ಹುಳು

ಮೈಸೂರಿನ ಯಾವ ಬೀದಿಗೆ ಹೋದರೂ ಯಾರದೋ ಗೇಟಿನ ಪಕ್ಕ ಒಂದು ನಂದಿಬಟ್ಟಲು ಇರುತ್ತದೆ. ಹೆಚ್ಚು ನೀರು ಕೇಳುವುದಿಲ್ಲ. ಕತ್ತರಿಸಿದಷ್ಟೂ ಜಾಸ್ತಿ ಚಿಗುರುತ್ತದೆ. ಬೆಳಗಿನ ಜಾವ ವಾಕಿಂಗ್ ಬರುವವರು ಪ್ಲಾಸ್ಟಿಕ್ ಕವರ್ ಹಿಡಿದು, ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆಯ ಹೂವನ್ನೆಲ್ಲ ದೇವರಿಗೆಂದು ಬಿಡಿಸಿಕೊಂಡು ಹೋಗುತ್ತಾರೆ. ಹೂವನ್ನು ನೋಡುವವರು ಇಷ್ಟು ಜನ. ಎಲೆಯನ್ನು ನೋಡುವವರು ಕಡಿಮೆ. ಆ ಎಲೆಯನ್ನೇ ನಂಬಿ ಬದುಕುವ ಒಂದು ಪತಂಗವಿದೆ. ನಮ್ಮ ಮನೆಯ ಗಿಡದಲ್ಲಿ ಅದು ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯುವುದನ್ನು ನೋಡುವುದು ಈಗ ನನಗೆ ಪ್ರತಿ ಮಳೆಗಾಲದ ಕೆಲಸ.

ಇದರ ವೈಜ್ಞಾನಿಕ ಹೆಸರು ಡಾಫ್ನಿಸ್ ನೀರೀ. 1758ರಲ್ಲೇ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ ಇದನ್ನು ದಾಖಲಿಸಿದ್ದಾನೆ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ, ಈ ಮೂರರ ಎಲೆಯನ್ನೂ ಇದರ ಹುಳು ತಿನ್ನುತ್ತದೆ. ನಮ್ಮ ಊರುಗಳಲ್ಲಿ ಜಾಸ್ತಿ ಸಿಗುವುದು ನಂದಿಬಟ್ಟಲಿನ ಮೇಲೆ.

ಹುಳು ಹುಡುಕಬೇಕೆಂದರೆ ಮೊದಲು ನೆಲ ನೋಡಿ. ಗಿಡದ ಬುಡದಲ್ಲಿ, ಅಥವಾ ಕೆಳಗಿನ ಎಲೆಯ ಮೇಲೆ, ಕಪ್ಪು ಹಸಿರು ಬಣ್ಣದ ಹಿಕ್ಕೆ ಬಿದ್ದಿರುತ್ತದೆ. ದೊಡ್ಡ ಹುಳುವಿನ ಹಿಕ್ಕೆ ಕಾಳುಮೆಣಸಿನ ಹಾಗಿರುತ್ತದೆ, ಉದ್ದಕ್ಕೆ ಗೀರುಗಳಿರುತ್ತವೆ. ಒಣಗಿದ್ದರೆ ಹಳೆಯದು. ಒದ್ದೆಯಾಗಿ ಹೊಳೆಯುತ್ತಿದ್ದರೆ ಹುಳು ಅದರ ನೇರ ಮೇಲೆಯೇ ಇದೆ. ಹಾಗಿದ್ದರೂ ತಲೆ ಎತ್ತಿದ ಕೂಡಲೇ ಕಾಣುವುದಿಲ್ಲ. ಬೆರಳು ಗಾತ್ರದ ಹುಳು ಕಣ್ಣೆದುರೇ ಇದ್ದರೂ ಹತ್ತು ನಿಮಿಷ ಹುಡುಕಬೇಕಾಗುತ್ತದೆ. ಎಲೆಯ ಹಸಿರೇ ಅದರ ಹಸಿರು. ಮೈಯ ಪಕ್ಕದಲ್ಲಿ ಹೋಗುವ ಬಿಳಿ ಗೆರೆ ಎಲೆಯ ನಡುನರದ ಹಾಗೆ ಕಂಡು ಕಣ್ಣು ಜಾರಿ ಮುಂದೆ ಹೋಗುತ್ತದೆ. ಕಡ್ಡಿಯ ಕೆಳಗೆ ತಲೆಕೆಳಗಾಗಿ ಅಂಟಿಕೊಂಡಿರುತ್ತದೆ ಬೇರೆ.

ಮೊಟ್ಟೆ ಸಿಗುವುದು ಇನ್ನೂ ಕಷ್ಟ. ಒಂದೂವರೆ ಮಿಲಿಮೀಟರಿನಷ್ಟು, ತಿಳಿ ಹಸಿರು, ದುಂಡಗೆ. ತಾಯಿ ಪತಂಗ ಎಲ್ಲವನ್ನೂ ಒಂದೇ ಕಡೆ ಇಡುವುದಿಲ್ಲ. ಎಳೆ ಎಲೆಗೆ ಒಂದರಂತೆ ಹಂಚಿ ಇಡುತ್ತದೆ. ಕೆಲವೇ ದಿನದಲ್ಲಿ ಮರಿ ಹೊರಬರುತ್ತದೆ. ಆಗ ಅದು ಹಸಿರಲ್ಲ, ಹಳದಿ. ಬಾಲದ ಕಡೆ ಒಂದು ಉದ್ದವಾದ, ಕೂದಲಿನಷ್ಟು ತೆಳ್ಳಗಿನ ಕಪ್ಪು ಕೊಂಬು. ಮೈಗಿಂತ ಕೊಂಬೇ ಎದ್ದು ಕಾಣುತ್ತದೆ. ತಿನ್ನಲು ಶುರುಮಾಡಿದ ಮೇಲೆ ಮೈ ಹಸಿರಾಗುತ್ತದೆ. ಕೊಂಬು ಮಾತ್ರ ಹುಳುವಿನ ಜೊತೆ ಬೆಳೆಯುವುದಿಲ್ಲ. ಒಂದೊಂದು ಪೊರೆ ಕಳಚಿದಾಗಲೂ ಅದು ಗಿಡ್ಡವಾಗುತ್ತ, ದಪ್ಪವಾಗುತ್ತ ಬಂದು, ಕೊನೆಯ ಹಂತದಲ್ಲಿ ಹಳದಿ ಬಣ್ಣದ ಒಂದು ಮೊಂಡು ತುದಿಯಷ್ಟೇ ಉಳಿಯುತ್ತದೆ.

ಹುಳು ನೋಡುವುದನ್ನು ನನಗೆ ಕಲಿಸಿದ್ದು ಅಮ್ಮ. ಅವರ ತವರು ರಾಮನಗರದ ಕಡೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಗಳಿಗೆ, ಸಣ್ಣಗೆ ಹೆಚ್ಚಿ ಹಾಕುವುದು, ರಾತ್ರಿ ಎದ್ದು ಸೊಪ್ಪು ಕೊಡುವುದು, ಇದೆಲ್ಲ ಮಾಡಿಕೊಂಡೇ ಅವರು ಬೆಳೆದಿದ್ದು. ಒಂದು ಸಲ ನಮ್ಮ ನಂದಿಬಟ್ಟಲಿನಲ್ಲಿ ಒಂದು ಹುಳು ತಿನ್ನುವುದನ್ನು ನಿಲ್ಲಿಸಿ, ಮುಂಭಾಗ ಎತ್ತಿಕೊಂಡು ಅಲ್ಲಾಡದೆ ಕೂತಿತ್ತು. ಏನೋ ರೋಗ ಬಂದಿರಬೇಕು ಅಂದೆ. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ರೋಗ ಅಲ್ಲ ಕಣೇ, ಜ್ವರಕ್ಕೆ ಕೂತಿದೆ. ಮುಟ್ಬೇಡ. ನಾಳೆ ಎದ್ದೇಳುತ್ತೆ" ಅಂದರು.

ರೇಷ್ಮೆಯವರು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ನಂದಿಬಟ್ಟಲಿನ ಹುಳುವಿಗೂ ಅಷ್ಟೇ. ಮರುದಿನ ಬೆಳಿಗ್ಗೆ ಹಳೆಯ ಚರ್ಮ ಬಾಲದ ಕಡೆ ಮುದುಡಿ ಬಿದ್ದಿತ್ತು. ಹಳೆಯ ತಲೆಚಿಪ್ಪು ಬೇರೆಯಾಗಿ ಕೆಳಗಿನ ಎಲೆಯ ಮೇಲೆ ಸಿಕ್ಕಿತು. ಹೊಸ ತಲೆ ಅದಕ್ಕಿಂತ ಎಷ್ಟೋ ದೊಡ್ಡದು. ಅದು ಆ ಹಳೆಯ ಚಿಪ್ಪಿನೊಳಗೆ ಇತ್ತೆಂದು ನಂಬುವುದೇ ಕಷ್ಟ. ಮೈಯ ಮೆತ್ತನೆ ಚರ್ಮ ಸ್ವಲ್ಪ ಹಿಗ್ಗುತ್ತದೆ, ತಲೆಯ ಚಿಪ್ಪು ಹಿಗ್ಗುವುದಿಲ್ಲ. ಹಾಗಾಗಿ ಹೊಸ ತಲೆ ಹಳೆಯದರ ಹಿಂದೆ, ಕುತ್ತಿಗೆಯ ಭಾಗದಲ್ಲಿ ಬೆಳೆದು ಕಾಯುತ್ತಿರುತ್ತದೆ. ಜ್ವರದಲ್ಲಿರುವ ಹುಳುವಿನ ತಲೆ ತೀರಾ ಪುಟ್ಟದಾಗಿ, ಮುಂದಕ್ಕೆ ತಳ್ಳಿದಂತೆ ಕಾಣುವುದು ಅದಕ್ಕೇ.

ರೇಷ್ಮೆ ಹುಳುವನ್ನು ನೋಡಿ ಬೇರೆ ಹುಳುಗಳ ಕಡೆ ತಿರುಗಿದವರಲ್ಲಿ ನಾನು ತುಂಬಾ ಗೌರವಿಸುವುದು ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಜರ್ಮನ್ ಹೆಣ್ಣುಮಗಳನ್ನು. 1660ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ, 13ನೇ ವಯಸ್ಸಿಗೆ, ಆಕೆ ರೇಷ್ಮೆ ಹುಳು ಸಾಕಿ ನೋಡಲು ಶುರುಮಾಡಿದಳು. ಹುಳುಹುಪ್ಪಟೆ ಕೊಳೆತ ವಸ್ತುವಿನಿಂದ, ಕೆಸರಿನಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಓದಿದವರೂ ನಂಬಿದ್ದ ಕಾಲ ಅದು. ಆಕೆ ಮೊಟ್ಟೆ, ಹುಳು, ಕೋಶ, ಪತಂಗ ನಾಲ್ಕನ್ನೂ ಒಂದೇ ಚಿತ್ರದಲ್ಲಿ ಬರೆದಳು. ಜೊತೆಗೆ ಆ ಹುಳು ತಿನ್ನುವ ಗಿಡವನ್ನೂ ಬರೆದಳು. ಗಿಡ ಬಿಟ್ಟರೆ ಹುಳುವಿನ ಕಥೆಯೇ ಇಲ್ಲ ಎಂದು ಆಕೆಗೆ ಗೊತ್ತಾಗಿತ್ತು.

ದೊಡ್ಡ ಹುಳುವಿನ ಮೈಮೇಲೆ ಎರಡು ಕಣ್ಣು ಎದ್ದು ಕಾಣುತ್ತವೆ. ನಿಜವಾದ ಕಣ್ಣಲ್ಲ. ತಲೆಯಿಂದ ಸ್ವಲ್ಪ ಹಿಂದೆ, ಬೆನ್ನಿನ ಎರಡು ಬದಿಯಲ್ಲಿ, ಕಪ್ಪು ಅಂಚಿನೊಳಗೆ ನೀಲಿ ಬಿಳಿ ಬೊಟ್ಟು. ಸುಮ್ಮನೆ ಕೂತಾಗ ಚರ್ಮದ ಮಡಿಕೆಯಲ್ಲಿ ಅರ್ಧ ಮುಚ್ಚಿರುತ್ತವೆ. ಕೊಂಬೆ ಅಲ್ಲಾಡಿಸಿದರೆ ತಲೆಯನ್ನು ಒಳಗೆಳೆದುಕೊಂಡು ಆ ಭಾಗವನ್ನು ಉಬ್ಬಿಸುತ್ತದೆ. ಆಗ ಎರಡೂ ಕಣ್ಣು ತೆರೆದು ನಮ್ಮನ್ನೇ ದಿಟ್ಟಿಸುತ್ತವೆ. ಗೊತ್ತಿದ್ದೂ ನನ್ನ ಕೈ ಹಿಂದಕ್ಕೆ ಬರುತ್ತದೆ. ಸಣ್ಣ ಹಕ್ಕಿಗೆ ಹೇಗಾಗಬೇಡ!

ಪಕ್ಕದ ಮನೆಯ ಆಂಟಿ ಇದನ್ನು ಮೊದಲ ಸಲ ನೋಡಿ, "ಅಯ್ಯೋ, ಕೊಂಬು ನೋಡಮ್ಮಾ! ಕುಟುಕುತ್ತೆ, ಔಷಧಿ ಹೊಡೆಸಿಬಿಡು" ಅಂದರು. ಅವರ ಭಯಕ್ಕೆ ಕಾರಣವಿದೆ. ಅವರ ನುಗ್ಗೆ ಮರದಲ್ಲಿ ಮಳೆ ಬಂತೆಂದರೆ ಕಾಂಡದ ತುಂಬಾ ಕಂಬಳಿ ಹುಳು. ಅದರ ಕೂದಲು ತಾಗಿದರೆ ಮೈಯೆಲ್ಲ ಕೆರೆತ, ಗಂಧೆ. ನಂದಿಬಟ್ಟಲಿನ ಹುಳುವಿಗೆ ಕೂದಲೇ ಇಲ್ಲ. ಕೊಂಬು ಮೆತ್ತಗಿದೆ, ಅದರಲ್ಲಿ ವಿಷವಿಲ್ಲ. ಆಂಟಿಯ ಅಂಗೈ ಮೇಲೆ ಒಂದನ್ನು ಬಿಟ್ಟೆ. ತಣ್ಣಗಿದೆ ಅಂದರು. ಔಷಧಿಯ ಮಾತು ಆಮೇಲೆ ಬರಲಿಲ್ಲ.

ಹೊಟ್ಟೆಬಾಕ ಹುಳು ಒಂದು ದಿನ ಸುಂದರ ಪತಂಗ ಆಗುತ್ತದೆ ಎನ್ನುವ ಮಾತನ್ನು ಶಾಲೆಯಲ್ಲಿ ಕೇಳಿದ್ದೇವೆ, ಮಕ್ಕಳಿಗೂ ಹೇಳುತ್ತೇವೆ. ಹುಳುವಿಗೆ ಅದರಲ್ಲಿ ಅನ್ಯಾಯವಾಗುತ್ತಿದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಈ ಜೀವದ ನಿಜವಾದ ಕೆಲಸವೆಲ್ಲ ನಡೆಯುವುದು ಹುಳುವಿನ ಕಾಲದಲ್ಲಿ. ಪತಂಗ ಬೆಳೆಯುವುದಿಲ್ಲ. ಹುಟ್ಟುವಾಗ ಎಷ್ಟಿತ್ತೋ ಸಾಯುವಾಗಲೂ ಅಷ್ಟೇ ದೊಡ್ಡದು. ರೆಕ್ಕೆ, ಎದೆಯ ಸ್ನಾಯು, ಮೀಸೆ, ಆರು ಕಾಲು, ಇವಕ್ಕೆ ಬೇಕಾದ ಸಾಮಾನನ್ನೆಲ್ಲ ಹುಳು ಎಲೆ ತಿಂದು ಕೂಡಿಟ್ಟಿರುತ್ತದೆ. ಪತಂಗ ಹೂವಿನಿಂದ ಕುಡಿಯುವುದು ಹಾರಾಟಕ್ಕೆ ಬೇಕಾದ ಸಕ್ಕರೆ ನೀರನ್ನು ಮಾತ್ರ. ರೇಷ್ಮೆ ಪತಂಗಕ್ಕಂತೂ ಅದೂ ಇಲ್ಲ. ಗೂಡಿನಿಂದ ಬಂದ ಮೇಲೆ ಏನೂ ತಿನ್ನದೆ, ಜೊತೆ ಕೂಡಿ, ಮೊಟ್ಟೆ ಇಟ್ಟು ಸಾಯುತ್ತದೆ.

ಲೆಕ್ಕ ಗೊತ್ತಿರುವುದು ರೇಷ್ಮೆ ಹುಳುವಿನದ್ದು, ಯಾಕೆಂದರೆ ಅದಕ್ಕೆ ಸೊಪ್ಪು ತೂಗಿ ಹಾಕುತ್ತಾರೆ. ಮೊಟ್ಟೆಯಿಂದ ಬಂದ ಮರಿ ಸುಮಾರು 25 ದಿನದಲ್ಲಿ 10,000 ಪಟ್ಟು ತೂಕ ಬೆಳೆಯುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಜಾಸ್ತಿ ಕೊನೆಯ ಹಂತದಲ್ಲೇ ಹೋಗುತ್ತದೆ. ಹುಳು ಸಾಕುವ ಮನೆಯವರು ಆ ವಾರ ನಿದ್ದೆ ಬಿಡುವುದು ಇದಕ್ಕೇ. ನಂದಿಬಟ್ಟಲಿನಲ್ಲೂ ಇದೇ ಕಾಣುತ್ತದೆ. ಮೊದಲ ವಾರ ಎಲೆಯಲ್ಲಿ ಸಣ್ಣ ತೂತು, ಯಾರಿಗೂ ಗೊತ್ತಾಗುವುದಿಲ್ಲ. ಕೊನೆಯ ದಿನಗಳಲ್ಲಿ ಒಂದು ಕೊಂಬೆಗೆ ಕೊಂಬೆಯೇ ಬೋಳು. ಎಲೆಯ ಅಂಚು ಹಿಡಿದು ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ, ಒಂದೇ ಸಮನೆ ಕತ್ತರಿಸುತ್ತ ಹೋಗುತ್ತದೆ. ಹತ್ತಿರ ಕಿವಿ ಇಟ್ಟರೆ ಸದ್ದು ಕೇಳುತ್ತದೆ. ಗಿಡಕ್ಕೆ ಇದರಿಂದ ಏನೂ ಆಗಿಲ್ಲ. ಬೋಳಾದ ಕೊಂಬೆ ಪ್ರತಿ ಸಲವೂ ಮತ್ತೆ ಚಿಗುರಿದೆ, ಮೊಗ್ಗು ಬಿಟ್ಟಿದೆ.

ಆ ಎಲೆ ಸಾಮಾನ್ಯದ್ದಲ್ಲ. ನಂದಿಬಟ್ಟಲಿನ ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ, ಕೈಗೆ ಅಂಟುತ್ತದೆ. ಕಣಗಿಲೆ ಇದೇ ಕುಟುಂಬದ್ದು. ಅದರ ಒಲಿಯಾಂಡ್ರಿನ್ ಎಂಬ ವಿಷ ನೇರ ಹೃದಯಕ್ಕೆ ಪೆಟ್ಟು ಕೊಡುತ್ತದೆ. ದನ ಕಣಗಿಲೆ ಎಲೆ ತಿಂದು ಸತ್ತ ಸುದ್ದಿ ಹಳ್ಳಿಗಳಲ್ಲಿ ಎಲ್ಲರೂ ಕೇಳಿದ್ದಾರೆ. ಈ ಮೆತ್ತನೆಯ ಹುಳು ಅದನ್ನೇ ಮೂರು ಹೊತ್ತೂ ತಿಂದು ದಪ್ಪಗಾಗುತ್ತದೆ. ಬೇರೆಯವರು ಬಾಯಿ ಹಾಕದ ಗಿಡ ಅಂದರೆ ಪೈಪೋಟಿ ಇಲ್ಲದ ಊಟ.

ಆದರೆ ಮೊಟ್ಟೆಯಿಂದ ಬಂದ ಹುಳುಗಳಲ್ಲಿ ಪತಂಗವಾಗುವವು ತೀರಾ ಕಡಿಮೆ. ಇದನ್ನು ನೋಡುವುದು ಮೊದಮೊದಲು ನನಗೆ ತುಂಬಾ ಕಷ್ಟವಾಗುತ್ತಿತ್ತು. ಬೆಳಿಗ್ಗೆ ನೋಡಿದ ಮರಿ ಸಂಜೆ ಇರುವುದಿಲ್ಲ. ಸಿಂಪಿಗ ಹಕ್ಕಿ ಎಲೆ ಎಲೆಯ ಅಡಿ ಇಣುಕುತ್ತ ಬರುತ್ತದೆ. ಪಿಕಳಾರ ಬರುತ್ತದೆ. ಕೆಂಬೂತ ಒಂದು ಸಲ ಬಂದು ಹೋಯಿತೆಂದರೆ ದೊಡ್ಡ ಹುಳು ಒಂದೂ ಉಳಿದಿರುವುದಿಲ್ಲ. ಹಕ್ಕಿಗಿಂತ ಕಠಿಣ ಅಂದರೆ ಕಣಜ ಮತ್ತು ನೊಣ. ಕೆಲವು ಸಣ್ಣ ಕಣಜಗಳು ಹುಳುವಿನ ಮೈಯೊಳಗೇ ಮೊಟ್ಟೆ ಇಡುತ್ತವೆ. ಹುಳು ತಿನ್ನುತ್ತ, ಬೆಳೆಯುತ್ತ ಇರುವಾಗಲೇ ಒಳಗೆ ಇನ್ನೊಂದು ಸಂಸಾರ ಬೆಳೆಯುತ್ತಿರುತ್ತದೆ. ಅಮ್ಮನ ತವರಿನಲ್ಲಿ ಊಜಿ ನೊಣ ಅಂದರೆ ಈಗಲೂ ಮುಖ ಕಪ್ಪಿಡುತ್ತದೆ. 1980ರಲ್ಲಿ ಆ ನೊಣ ಬಂಗಾಳದ ಕಡೆಯಿಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು. ಹುಳುವಿನ ಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಹುಳುವನ್ನು ಒಳಗಿಂದ ತಿನ್ನುತ್ತದೆ. ಹುಳು ಮನೆಯ ಕಿಟಕಿಗಳಿಗೆಲ್ಲ ಪರದೆ ಬಂದಿದ್ದು ಆ ನೊಣದಿಂದ.

ಭ್ರಮರ ಕೀಟ ನ್ಯಾಯ ಅಂತ ಹರಿಕಥೆಯಲ್ಲಿ, ಪ್ರವಚನದಲ್ಲಿ ಹೇಳುತ್ತಾರಲ್ಲ. ಕಣಜ ಒಂದು ಹುಳುವನ್ನು ತಂದು ಮಣ್ಣಿನ ಗೂಡಿನಲ್ಲಿ ಇಡುತ್ತದೆ, ಹುಳು ಕಣಜವನ್ನೇ ಧ್ಯಾನಿಸುತ್ತ ಧ್ಯಾನಿಸುತ್ತ ತಾನೂ ಕಣಜವಾಗುತ್ತದೆ ಎಂದು. ನಮ್ಮ ಕಿಟಕಿಯ ಮೂಲೆಯಲ್ಲಿ ಅಂಥ ಮಣ್ಣಿನ ಗೂಡು ಪ್ರತಿ ವರ್ಷ ಆಗುತ್ತದೆ. ಕಣಜ ಹಸಿರು ಎಲೆಹುಳುಗಳನ್ನು ಹೊತ್ತು ತಂದು ಒಳಗೆ ತುಂಬುವುದನ್ನು ನಾನು ನಿಂತು ನೋಡಿದ್ದೇನೆ. ಆ ಹುಳುಗಳು ಸತ್ತಿರುವುದಿಲ್ಲ, ಕಣಜದ ಕುಟುಕಿನಿಂದ ಮೈ ಸ್ವಾಧೀನ ತಪ್ಪಿರುತ್ತದೆ. ಒಳಗಿರುವ ಕಣಜದ ಮರಿಗೆ ಅವು ಕೆಡದೆ ಉಳಿಯುವ ಊಟ. ಹುಳು ಹೋದ ಗೂಡಿನಿಂದ ಕಣಜ ಬರುವುದನ್ನು ಹಿಂದಿನವರು ಸರಿಯಾಗಿಯೇ ನೋಡಿದ್ದರು. ಮುಚ್ಚಿದ ಮಣ್ಣಿನೊಳಗೆ ಏನಾಯಿತೆಂದು ಅವರಿಗೆ ಕಾಣಲಿಲ್ಲ, ಅಷ್ಟೇ. ಅಷ್ಟು ಹತ್ತಿರದಿಂದ ಗೋಡೆಯ ಮೂಲೆಯನ್ನು ಗಮನಿಸಿದ ಆ ಜನರ ಮೇಲೆ ನನಗೆ ಪ್ರೀತಿ ಇದೆ.

ಇಷ್ಟೆಲ್ಲ ದಾಟಿದ ಹುಳು ಒಂದು ದಿನ ತಟ್ಟನೆ ತಿನ್ನುವುದನ್ನು ನಿಲ್ಲಿಸುತ್ತದೆ. ಬೆನ್ನು ಕಂದಾಗುತ್ತದೆ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನೀರು ನೀರಾಗಿ ಹೊರಹಾಕುತ್ತದೆ. "ಹಣ್ಣಾಯ್ತು" ಅನ್ನುತ್ತಾರೆ ಅಮ್ಮ. ರೇಷ್ಮೆ ಹುಳು ಹಣ್ಣಾದರೆ ಚಂದ್ರಂಕಿ ಎಂಬ ಬಿದಿರಿನ ತಟ್ಟೆಗೆ ಬಿಡುತ್ತಾರೆ, ಅದು ಅಲ್ಲೇ ಗೂಡು ಕಟ್ಟುತ್ತದೆ. ಇದಕ್ಕೆ ಬೇಕಾದದ್ದು ನೆಲ. ಎಂದೂ ಗಿಡ ಬಿಟ್ಟು ಇಳಿಯದ ಹುಳು ಈಗ ಕಾಂಡ ಇಳಿದು ಓಡುತ್ತದೆ. ನಿಜವಾಗಿಯೂ ಓಡುತ್ತದೆ. ಒಣಗಿದ ಎಲೆಗಳ ಅಡಿ ನುಗ್ಗಿ, ಒಂದಿಷ್ಟು ನೂಲು ಬಿಟ್ಟು ಎಲೆಗಳನ್ನು ಸಡಿಲವಾಗಿ ಹೆಣೆದುಕೊಂಡು ಒಳಗೆ ಮಲಗುತ್ತದೆ.

ಈಗಿನ ಮನೆಗಳಲ್ಲಿ ಅದಕ್ಕೆ ಎಡವಟ್ಟಾಗುವುದು ಇಲ್ಲೇ. ಗಿಡ ಇದೆ, ಗಿಡದ ಸುತ್ತ ಸಿಮೆಂಟು, ಟೈಲ್ಸು, ಇಂಟರ್‌ಲಾಕ್ ಕಲ್ಲು. ಬಿದ್ದ ಎಲೆಯನ್ನು ದಿನವೂ ಗುಡಿಸುತ್ತೇವೆ. ಹಣ್ಣಾದ ಹುಳು ಬಿಸಿ ಟೈಲ್ಸಿನ ಮೇಲೆ ಹರಿದಾಡಿ ಇರುವೆಗೋ ಕಾರಿನ ಚಕ್ರಕ್ಕೋ ಸಿಗುತ್ತದೆ. ನಾನು ನಂದಿಬಟ್ಟಲಿನ ಬುಡದಲ್ಲಿ ಎಲೆ ಗುಡಿಸುವುದನ್ನು ಬಿಟ್ಟಿದ್ದೇನೆ. ನೋಡಬೇಕೆಂದು ಆಸೆಯಾದಾಗ ಒಂದು ಹುಳುವನ್ನು ಮಾತ್ರ ಬುಟ್ಟಿಗೆ ಬಿಡುತ್ತೇನೆ. ಕೆಳಗೆ ಸ್ವಲ್ಪ ತೇವದ ಮಣ್ಣು, ಮೇಲೆ ಒಣಗಿದ ಎಲೆ, ಬಾಯಿಗೆ ಹಳೆಯ ಸೊಳ್ಳೆ ಪರದೆಯ ತುಂಡು, ಒಳಗೆ ಓರೆಯಾಗಿ ಒಂದು ಒರಟು ಕಡ್ಡಿ. ಆ ಕಡ್ಡಿ ಬಹಳ ಮುಖ್ಯ. ಯಾಕೆಂದು ಮುಂದೆ ಹೇಳುತ್ತೇನೆ.

ಎಲೆಯ ಒಳಗೆ ಕೊನೆಯ ಸಲ ಚರ್ಮ ಕಳಚಿದಾಗ ಬರುವುದು ಕೋಶ, ಪ್ಯೂಪಾ ಅಂತೀವಲ್ಲ ಅದು. ತಿಳಿ ಕಂದು ಬಣ್ಣ, ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕೆ. ಅವು ಉಸಿರಾಟದ ರಂಧ್ರಗಳು ಇರುವ ಜಾಗ. ಮುಟ್ಟಿದರೆ ಹಿಂಭಾಗವನ್ನು ಜೋರಾಗಿ ಅಲ್ಲಾಡಿಸುತ್ತದೆ. ಕೋಶದೊಳಗೆ ಹುಳು ಪೂರ್ತಿ ಕರಗಿ ಗಂಜಿಯಾಗುತ್ತದೆ, ಆಮೇಲೆ ಹೊಸದಾಗಿ ಪತಂಗ ಆಗುತ್ತದೆ ಎಂದು ನಾನೂ ತುಂಬಾ ವರ್ಷ ತಿಳಿದಿದ್ದೆ. ಪೂರ್ತಿ ಹಾಗಲ್ಲ. ಸ್ನಾಯುಗಳು ಬಹುಪಾಲು ಕರಗುವುದು ನಿಜ. ಆದರೆ 2013ರಲ್ಲಿ ಬ್ರಿಟನ್ನಿನಲ್ಲಿ ಒಂದು ಚಿಟ್ಟೆಯ ಜೀವಂತ ಕೋಶವನ್ನು ದಿನದಿಂದ ದಿನಕ್ಕೆ ಎಕ್ಸ್‌-ರೇ ಸ್ಕ್ಯಾನ್ ಮಾಡಿ ನೋಡಿದರು. ಉಸಿರಾಟದ ನಾಳಗಳು, ಕರುಳು ಒಳಗೆ ಸ್ಪಷ್ಟವಾಗಿಯೇ ಇದ್ದವು, ಆಕಾರ ಬದಲಿಸುತ್ತ ಹೋದವು. ರೆಕ್ಕೆಗೆ, ಉದ್ದ ಕಾಲಿಗೆ ಬೇಕಾದ ಜೀವಕೋಶಗಳ ಪುಟ್ಟ ಗುಂಪುಗಳನ್ನಂತೂ ಹುಳು ಮೊದಲಿನಿಂದ ಮೈಯೊಳಗೆ ಹೊತ್ತುಕೊಂಡೇ ತಿರುಗಿರುತ್ತದೆ.

ನನ್ನನ್ನು ತುಂಬಾ ಅಲ್ಲಾಡಿಸಿದ್ದು ಇನ್ನೊಂದು ಪ್ರಯೋಗ. 2008ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಕುಟುಂಬದ, ತಂಬಾಕು ಗಿಡ ತಿನ್ನುವ ಒಂದು ಪತಂಗದ ಹುಳುಗಳನ್ನು ತೆಗೆದುಕೊಂಡರು. ಒಂದು ವಾಸನೆ ಕೊಟ್ಟು, ಜೊತೆಗೆ ಸಣ್ಣದಾಗಿ ಕರೆಂಟ್ ಶಾಕ್ ಕೊಟ್ಟರು. ಹುಳುಗಳು ಆ ವಾಸನೆ ಬಂದರೆ ದೂರ ಹೋಗಲು ಕಲಿತವು. ಆಮೇಲೆ ಅವು ಕೋಶವಾದವು, ಪತಂಗವಾದವು. ಪತಂಗವಾದ ಮೇಲೂ ಅವುಗಳಲ್ಲಿ ಬಹಳಷ್ಟು ಆ ವಾಸನೆಯಿಂದ ದೂರವೇ ಹೋದವು! ಮೂರನೇ ಹಂತದಲ್ಲಿ ಕಲಿಸಿದರೆ ನೆನಪು ಉಳಿಯಲಿಲ್ಲ, ಕೊನೆಯ ಹಂತದಲ್ಲಿ ಕಲಿತದ್ದು ಉಳಿಯಿತು. ಅಂದರೆ ಮೈ ಇಷ್ಟೆಲ್ಲ ಬದಲಾದರೂ ಮೆದುಳಿನ ಏನೋ ಒಂದು ಭಾಗ ಹುಳುವಿನಿಂದ ಪತಂಗಕ್ಕೆ ದಾಟುತ್ತದೆ. ಹುಳು ಸತ್ತು ಬೇರೆ ಯಾರೋ ಹುಟ್ಟುವುದಿಲ್ಲ. ಕೊಂಬೆಯ ಮೇಲೆ ನನ್ನನ್ನು ದಿಟ್ಟಿಸಿದ ಜೀವವೇ ಹಾರುತ್ತದೆ.

ಸುಮಾರು ಎರಡು ವಾರದಲ್ಲಿ ಕೋಶ ಕಪ್ಪಾಗುತ್ತದೆ. ಹೊರಬರುವುದು ಹೆಚ್ಚಾಗಿ ಕತ್ತಲೆಯಲ್ಲಿ. ಹಾಗಾಗಿ ಕಾದು ಕೂತಿದ್ದರೂ ಎಷ್ಟೋ ಸಲ ತಪ್ಪಿಹೋಗುತ್ತದೆ. ಕಣ್ಣಾರೆ ನೋಡಿದಾಗ ಮೊದಲು ಕಂಡಿದ್ದು ಒದ್ದೆಯಾದ ಒಂದು ದಪ್ಪ ದೇಹ, ಬೆನ್ನ ಮೇಲೆ ಮುದುಡಿದ ಪುಟ್ಟ ರೆಕ್ಕೆ. ಅದು ಒಂದು ಕ್ಷಣ ಕೂಡ ನಿಲ್ಲದೆ ಹತ್ತಲು ಏನಾದರೂ ಸಿಗುತ್ತದಾ ಎಂದು ಹುಡುಕುತ್ತದೆ. ಕಡ್ಡಿ ಬೇಕಾಗುವುದು ಈಗ. ಹತ್ತಿ ಜೋತುಬಿದ್ದರೆ ಮಾತ್ರ ರೆಕ್ಕೆ ಸರಿಯಾಗಿ ಇಳಿಯುತ್ತದೆ. ಮೈಯ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಿ ಒತ್ತಿ ತುಂಬುತ್ತದೆ. ಅರ್ಧ ಗಂಟೆಯೊಳಗೆ ರೆಕ್ಕೆ ಪೂರ್ತಿ ಉದ್ದ ಬರುತ್ತದೆ. ನಾಲಿಗೆ ಎರಡು ಸೀಳಾಗಿರುತ್ತದೆ. ಅದನ್ನು ಸುರುಳಿ ಬಿಚ್ಚಿ, ಸುತ್ತಿ, ಮತ್ತೆ ಬಿಚ್ಚಿ ಎರಡೂ ಸೀಳನ್ನು ಕೂಡಿಸಿ ಒಂದೇ ಕೊಳವೆ ಮಾಡಿಕೊಳ್ಳುತ್ತದೆ. ಈ ಕೆಲಸ ಆಗದಿದ್ದರೆ ಅದು ಏನನ್ನೂ ಕುಡಿಯಲಾರದು.

ಬೆಳಕಿನಲ್ಲಿ ನೋಡಿದರೆ ಹಸಿರಿನಲ್ಲಿ ಎಷ್ಟೊಂದು ಬಗೆಯ ಹಸಿರು ಅಂತೀರಿ! ಪಾಚಿ ಹಸಿರು, ಆಲಿವ್ ಹಸಿರು, ನಡುವೆ ಗುಲಾಬಿ ಬೆರೆತ ಬಿಳಿ ಪಟ್ಟೆ, ಅಂಚಿನ ಕಡೆ ನೇರಳೆ ಛಾಯೆ. ಮುಸ್ಸಂಜೆ ಆಗುತ್ತಿದ್ದಂತೆ ರೆಕ್ಕೆ ನಡುಗಲು ಶುರು. ಹೆದರಿಕೆಯಿಂದಲ್ಲ. ಎದೆಯ ಸ್ನಾಯು ಬಿಸಿಯಾಗದೆ ಇಷ್ಟು ಭಾರದ ಪತಂಗ ಮೇಲೇಳಲಾರದು. ನಡುಗಿ ನಡುಗಿ ಬಿಸಿಯಾದ ಮೇಲೆ ನೇರ ಎದ್ದು ಹೋಗುತ್ತದೆ.

ಅದು ಹೋಗುವುದು ಬಿಳಿ ಹೂಗಳ ಕಡೆಗೆ. ಮಲ್ಲಿಗೆ, ಸುಗಂಧರಾಜ, ಆಕಾಶಮಲ್ಲಿಗೆ. ಸಂಜೆಯ ಮೇಲೆ ಘಮ್ಮೆನ್ನುವ ಹೂಗಳು ಯಾಕೆ ಬಿಳಿ, ಯಾಕೆ ಅವಕ್ಕೆ ಉದ್ದ ಕೊಳವೆ ಎಂದು ಒಮ್ಮೆ ಯೋಚಿಸಿ. ಕತ್ತಲೆಯಲ್ಲಿ ಬರುವ, ಉದ್ದ ನಾಲಿಗೆಯ ಅತಿಥಿಗಳಿಗಾಗಿ ಅವು ಹಾಗಿವೆ. ನಾವು ಮುಡಿಯುವ, ದೇವರಿಗೆ ಏರಿಸುವ ಎಷ್ಟೋ ಪರಿಮಳ ಪತಂಗಗಳನ್ನು ಕರೆಯಲು ಹುಟ್ಟಿದ್ದು. ಪೋರ್ಟಿಕೋದಲ್ಲಿ ಬೆಳಗಿನವರೆಗೆ ಉರಿಯುವ ದೀಪ ಆ ಕರೆಯನ್ನು ಕೆಡಿಸುತ್ತದೆ. ಪತಂಗ ಹೂ ಬಿಟ್ಟು ಬಲ್ಬಿಗೆ ಸುತ್ತು ಹಾಕುತ್ತ, ಬೆಳಗಾಗುವ ಹೊತ್ತಿಗೆ ಗೋಡೆಯ ಮೇಲೆ ಸುಸ್ತಾಗಿ ಕೂತು ಕಾಗೆಯ ಪಾಲಾಗುತ್ತದೆ. ನಮ್ಮ ಮನೆಯ ಹೊರಗಿನ ದೀಪ ಈಗ ಒಂಬತ್ತಕ್ಕೆ ಆರುತ್ತದೆ. ಆಂಟಿಯ ಮನೆಯದೂ ಅಷ್ಟೇ.

ಈ ಮಳೆಗಾಲದಲ್ಲಿ ನನ್ನ ಗಮನ ಅನಂತದ ಗಿಡದ ಮೇಲಿದೆ. ಇದೇ ಕುಟುಂಬದ ಇನ್ನೊಂದು ಪತಂಗ ಅದರಲ್ಲಿ ಮೊಟ್ಟೆ ಇಡುತ್ತದೆ. ಕಾಫಿ ಗಿಡದ ಎಲೆಯನ್ನೂ ಅದರ ಹುಳು ತಿನ್ನುತ್ತದೆ. ಈ ಪತಂಗ ಹಗಲಲ್ಲೇ ಹಾರುತ್ತದೆ, ರೆಕ್ಕೆ ಗಾಜಿನಂತೆ ಪಾರದರ್ಶಕ. ಕೋಶದಿಂದ ಬಂದಾಗ ಮಾತ್ರ ಎಲ್ಲ ಪತಂಗಗಳಂತೆ ರೆಕ್ಕೆಯ ಮೇಲೆ ಪುಡಿ ಇರುತ್ತದೆ. ಮೊದಲ ಸಲ ರೆಕ್ಕೆ ಬಡಿದಾಗ ಆ ಪುಡಿಯೆಲ್ಲ ಉದುರಿ, ಆಚೆಗಿನದೆಲ್ಲ ಕಾಣುವಂಥ ರೆಕ್ಕೆ ಉಳಿಯುತ್ತದೆ. ಆ ಗಳಿಗೆಯನ್ನು ನಾನು ಇನ್ನೂ ನೋಡಿಲ್ಲ. ಅನಂತದ ಕುಡಿಗಳಲ್ಲಿ ಈ ವಾರ ಮರಿಹುಳುಗಳು ಕಾಣಿಸಿವೆ, ಬುಟ್ಟಿಗೆ ಹೊಸ ಮಣ್ಣು ಹಾಕಿಟ್ಟಿದ್ದೇನೆ.